ಕಾಟಮ್ಮನ ಮಾತು ಮಿನಿಟ್ಸಿಗೆ ಸೇರಿದ್ದು

ಹೊಸದಾಗಿ ಸರ್ಕಾರಿ ಕಚೇರಿಗೆ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಮೇಡಂ, ಮೀಟಿಂಗಿನ ಮಿನಿಟ್ಸ್ ಬರೆಯುವುದು ಹೇಗೆ, ಒಂದು ಫಾರ್ಮ್ಯಾಟ್ ಕೊಡಿ ಎನ್ನುತ್ತಾರೆ. ಫಾರ್ಮ್ಯಾಟ್ ಕೊಡುತ್ತೇನೆ, ಕಾಫಿಯನ್ನೂ ಕೊಡುತ್ತೇನೆ. ಅದರ ಜೊತೆಗೆ ಹೇಳಬೇಕಾದ ಒಂದು ಕಥೆ ಇದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ, ಬಸ್ಸಿನಲ್ಲೇ ಓದಿಕೊಳ್ಳಲಿ.

ನಾನು ಸ್ಟೆನೋಗ್ರಾಫರ್ ಆಗಿ ಸೇರಿ ಸ್ಟೆನೋಗ್ರಾಫರ್ ಆಗಿಯೇ ಮುದುಕಿಯಾದವಳು. ನಡುವೆ ಹುದ್ದೆಯ ಹೆಸರು ಎರಡು ಮೂರು ಸಲ ಬದಲಾಯಿತು, ಅದು ಬಿಡಿ. ಇದ್ದದ್ದು ಚಿತ್ರದುರ್ಗದಲ್ಲಿ. ಆದರೆ ಜೀಪು ಹೊರಟಿತೆಂದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಸಾಹೇಬರ ಮೀಟಿಂಗೋ ಅಲ್ಲಿಗೆ ಹಿಂದಿನ ಸೀಟಿನಲ್ಲಿ ನಾನೂ ಹೋಗುತ್ತಿದ್ದೆ, ಮಡಿಲಲ್ಲಿ ಶಾರ್ಟ್‌ಹ್ಯಾಂಡ್ ಪುಸ್ತಕ ಇಟ್ಟುಕೊಂಡು. ಅಪ್ಪ ಹೊಳಲ್ಕೆರೆಯಲ್ಲಿ ಕಾಂಪೌಂಡರ್. ಇರುವ ಒಬ್ಬ ಮಗಳು ಇಂಗ್ಲಿಷ್ ಕಲಿಯಲೆಂದು ನನ್ನನ್ನು ದುರ್ಗದ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಸಿಸ್ಟರ್ ಆಗ್ನೆಸ್ ನಮಗೆ ಪ್ರೆಸಿ ಬರೆಯುವುದನ್ನು ಕಲಿಸಿದರು. ದೊಡ್ಡ ಪ್ಯಾಸೇಜನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಒಂದು ಪದ ಹೆಚ್ಚಾದರೂ ಕೆಂಪು ಇಂಕಿನಲ್ಲಿ 'ವೇಸ್ಟ್' ಎಂದು ಬರೆಯುತ್ತಿದ್ದರು. ನನಗೆ ಅದರ ಹುಚ್ಚೇ ಹಿಡಿಯಿತು. ರಜೆಗೆ ಊರಿಗೆ ಹೋದಾಗ ಪಕ್ಕದ ಮನೆಯವರು ಅಷ್ಟು ಹೊತ್ತು ಏನು ಹೇಳಿದರು ಎಂದು ಅಮ್ಮ ಕೇಳಿದರೆ, "ಸೊಸೆ ಸರಿಯಿಲ್ಲವಂತೆ" ಎಂದು ಮುಗಿಸಿಬಿಡುತ್ತಿದ್ದೆ. ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ನಾನು ಬಿಟ್ಟ ಎರಡು ಭಾಗ.

ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಗಳು ನಮ್ಮ ಜಿಲ್ಲೆಗೆ ಬರತೊಡಗಿದ್ದು ನನ್ನ ಸರ್ವೀಸಿನ ಕೊನೆಯ ಭಾಗದಲ್ಲಿ. ಅವುಗಳಲ್ಲೊಂದು ಯುರೋಪಿನದು. ಹೆಸರು ಬೇಡ, ನಾವು ಗಾಳಿ ಕಂಪನಿ ಎಂದೇ ಕರೆಯುತ್ತಿದ್ದೆವು. ಅವರ ಇ-ಮೇಲುಗಳನ್ನು ಓದಲು, ಅವರ ಜನ ಬಂದಾಗ ಮಾತು ದಾಟಿಸಲು ಯಾರೆಂದು ಹುಡುಕಿದಾಗ ಎಲ್ಲರೂ ಬೆರಳು ತೋರಿಸಿದ್ದು ನನ್ನ ಕಡೆಗೆ. ಹೀಗೆ ನಾನು ಹಳ್ಳಿಗಳಲ್ಲಿ ಇಂಗ್ಲಿಷಮ್ಮ ಆದೆ.

ಮೊದಲ ಇ-ಮೇಲಿಗೆ ನಾವು ಮಾಡಿದ ಮರ್ಯಾದೆಯನ್ನು ಹೇಳಲೇಬೇಕು. ಕಚೇರಿಗೆ ಕಂಪ್ಯೂಟರ್ ಆಗಷ್ಟೇ ಬಂದಿತ್ತು. ನಾನು ಅದನ್ನು ಪ್ರಿಂಟ್ ತೆಗೆದೆ. ಟಪಾಲು ಗುಮಾಸ್ತರು ಸ್ವೀಕೃತಿ ಸೀಲು ಒತ್ತಿದರು. ಫೈಲು ಹುಟ್ಟಿತು, ಮೇಜಿನಿಂದ ಮೇಜಿಗೆ ನಡೆಯಿತು, ಸಾಹೇಬರ ಸಹಿಯಾಯಿತು, ಉತ್ತರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಯುರೋಪಿಗೆ ಹೋಯಿತು. ಅದು ತಲುಪುವಷ್ಟರಲ್ಲಿ ಆ ಇ-ಮೇಲು ಬರೆದ ಮನುಷ್ಯ ನಮ್ಮ ಬೆಂಚಿನ ಮೇಲೆ ಬಂದು ಕೂತಿದ್ದ.

ಅವನೊಂದು ಪ್ರಶ್ನೆ ಕೇಳಿದ: ಇಲ್ಲಿ ಕೊನೆಗೆ ತೀರ್ಮಾನ ಮಾಡುವವರು ಯಾರು? ಒಬ್ಬರು ಇನ್ನೊಬ್ಬರ ಮೇಜು ತೋರಿಸಿದರು. ಗುಟ್ಟು ಮಾಡಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ. ಅವನು ಹಾಳೆ ತೆಗೆದುಕೊಂಡು ಫೈಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಒಬ್ಬೊಬ್ಬರನ್ನೇ ಕೇಳಿ ಬಾಣದ ಗುರುತು ಹಾಕುತ್ತಾ ಹೋದ. ಸಾಹೇಬರು ಮೈಸೂರು ಕಡೆಯವರು. ಬೆನ್ನುನೋವಿನಿಂದಾಗಿ ಎತ್ತರದ ಮೇಜು ಮಾಡಿಸಿಕೊಂಡು ನಿಂತೇ ಕೆಲಸ ಮಾಡುವವರು. ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಫೈಲು ಒಂದೇ ಮೇಜಿಗೆ ಮೂರು ಸಲ ಬರುತ್ತಿತ್ತು. ಆ ಮೇಜು ಅವರದೇ. ಚಿತ್ರವನ್ನು ಗಾಜಿನ ಕೆಳಗೆ ಇಟ್ಟುಕೊಂಡರು, ಎರಡು ಬಾಣ ಕಡಿಮೆ ಮಾಡಿದರು. ಹೊರಗಿನವನೊಬ್ಬ ಬಂದು ನಮ್ಮ ಮನೆಯ ನಕ್ಷೆ ಬರೆದುಕೊಟ್ಟ ಹಾಗಾಯಿತು. ಆ ದಿನ ನನಗೆ ಖುಷಿಯೇ ಆಯಿತು.

ಆದರೆ ಕಡಿಮೆಯಾದ ಬಾಣಗಳು ಗಾಳಿ ಕಂಪನಿಯ ಫೈಲಿಗೆ ಮಾತ್ರ. ಅದಕ್ಕೊಂದು ಕೆಂಪು ಟ್ಯಾಗ್ ಬಂತು. ಬಂಡವಾಳ ಬರುವ ಕಡೆ ತಡ ಆಗಬಾರದೆಂದು ಮೇಲಿನಿಂದ ಫೋನು ಬರುತ್ತಿತ್ತು. ಜವನಗೊಂಡನಹಳ್ಳಿ ಕಡೆಯ ಯಜಮಾನರೊಬ್ಬರು ತಮ್ಮ ಜಮೀನಿನ ಖಾತೆಯ ಮೇಲ್ಮನವಿಗಾಗಿ ಬರುತ್ತಿದ್ದರು. ಬಂದಾಗಲೆಲ್ಲ ನನ್ನ ಮೇಜಿನ ಎದುರಿನ ಬೆಂಚು ಅವರದೇ. ಕೆಂಪು ಟ್ಯಾಗಿನ ಫೈಲು ತಮ್ಮ ಮುಂದೆ ಹಾದು ಹೋಗುವುದನ್ನು ನಾಲ್ಕೈದು ಸಲ ನೋಡಿದ ಮೇಲೆ ನನ್ನನ್ನು ಕರೆದು ಬಹಳ ಸಮಾಧಾನವಾಗಿ ಹೇಳಿದರು: "ಮೇಡಮ್ಮಾರೆ, ಗಾಳಿ ಫೈಲು ಗಾಳಿಯಾಗೇ ಹೋಗ್ತೈತೆ. ನಮ್ಮುದು ಹೊಲದ ಫೈಲಲ್ರಾ, ಮಣ್ಣಾಗೆ ಊರ್ಕಂಡೈತೆ. ಒಂದೀಟು ಕೆಂಪು ದಾರ ನಂಗೂ ಕೊಡ್ರಿ, ಕಟ್ಕಂತೀನಿ."

ನಾನು ನಕ್ಕೆ. ಅವರೂ ನಕ್ಕರು. ಅವರ ಫೈಲು ಅಂದು ಅಲುಗಲಿಲ್ಲ.

ಕಂಪನಿಯ ಕೆಲಸ ನಡೆಯುತ್ತಿದ್ದದ್ದು ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಗುಡ್ಡಸಾಲಿನಲ್ಲಿ. ಆ ಊರನ್ನು ಕರೇಕಲ್ಲಹಳ್ಳಿ ಎಂದು ಕರೆಯುತ್ತೇನೆ, ಅದು ಅದರ ಹೆಸರಲ್ಲ. ಅಲ್ಲಿ ಸೈಟ್ ಆಫೀಸು ನೋಡಿಕೊಳ್ಳುತ್ತಿದ್ದವರು ಎಂಜಿನಿಯರ್ ಪ್ರಕಾಶ್. ಒಳ್ಳೆಯ ಮನುಷ್ಯ, ಯಾವಾಗಲೂ ಬೆವರುತ್ತಿದ್ದವರು. ಹೊಸ ಕಂಬ ಎಬ್ಬಿಸುವ ಮುಂಚೆ ಹಾಲುರಾಮೇಶ್ವರಕ್ಕೆ ಹೋಗಿ ದೇವರಿಗೆ ಕೈಮುಗಿದು ಬರುತ್ತಿದ್ದರು. ಆ ಹೊತ್ತನ್ನು ಯುರೋಪಿಗೆ ಕಳಿಸುವ ಟೈಮ್‌ಶೀಟಿನಲ್ಲಿ 'ಸೇಫ್ಟಿ' ಎಂಬ ಕಾಲಮ್ಮಿಗೆ ಹಾಕುತ್ತಿದ್ದರೆಂದು ನನಗೊಬ್ಬಳಿಗೇ ಹೇಳಿದ್ದರು.

ಕಂಪನಿ ಶಾಲೆಗೆ ಬಣ್ಣ ಹೊಡೆಸಿತು, ನೀರಿನ ಟ್ಯಾಂಕು ಕಟ್ಟಿಸಿತು. ಎಲ್ಲರಿಗೂ ಸಂತೋಷ. ಆಮೇಲೆ ಒಂದು ವಿಚಿತ್ರ ನಡೆಯಿತು. ಬೀದಿದೀಪ ಕೆಟ್ಟರೆ, ಚರಂಡಿ ಕಟ್ಟಿಕೊಂಡರೆ, ಕೊನೆಗೆ ಅಣ್ಣತಮ್ಮಂದಿರು ಗೋಡೆಗಾಗಿ ಜಗಳವಾಡಿದರೂ ಜನ ಅರ್ಜಿ ಹಿಡಿದು ಪ್ರಕಾಶರ ಹತ್ತಿರ ಹೋಗತೊಡಗಿದರು. ಒಂದು ದಿನ ಅವರು ನನಗೆ ಫೋನು ಮಾಡಿ, ಮೇಡಂ, ನಾನು ಟರ್ಬೈನ್ ಎಂಜಿನಿಯರ್, ಈಗ ಪಂಚಾಯಿತಿ ಆಗಿಬಿಟ್ಟಿದ್ದೇನೆ ಎಂದು ಗೋಳಾಡಿದರು. ಪಂಚಾಯಿತಿ ಅಧ್ಯಕ್ಷೆ ರತ್ನಮ್ಮನ ಗೋಳು ಅದರ ಇನ್ನೊಂದು ಮುಖ. ಗಟ್ಟಿ ಹೆಂಗಸು, ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವಳಲ್ಲ. ಆದರೆ ನಾವು ಆ ಕಡೆ ಹೋದ ದಿನ ಖಾಲಿ ಪಂಚಾಯಿತಿಯಲ್ಲಿ ಒಬ್ಬಳೇ ಕೂತಿದ್ದಳು. ನಮ್ಮ ಜೀಪು ನಿಂತದ್ದು ನೋಡಿ ಹೊರಗೆ ಬಂದು, "ಬರ್ರಿ ಮೇಡಂ, ಕುಂತ್ಕಳ್ರಿ, ಚೇರಿಗೇನು ಬರ ಇಲ್ಲ" ಎಂದಳು. ಓಟು ಹಾಕಿ ಗೆಲ್ಲಿಸಿದ್ದು ತನ್ನನ್ನು, ಕೈ ಮುಗಿಯುವುದು ಕಂಪನಿಯವರಿಗೆ ಎಂದು ಅವಳ ದೂರು. ನಾನೇನು ಹೇಳಲಿ. ಕಂಪನಿ ಎರಡು ದಿನದಲ್ಲಿ ಬಲ್ಬು ಹಾಕುತ್ತಿತ್ತು, ಪಂಚಾಯಿತಿ ಎರಡು ತಿಂಗಳು ತೆಗೆದುಕೊಳ್ಳುತ್ತಿತ್ತು. ಆದರೆ ಕಂಪನಿ ಬಲ್ಬು ಹಾಕದಿದ್ದರೆ ಯಾರನ್ನು ಕೇಳುವುದು, ಅದನ್ನು ಯಾರೂ ಯೋಚಿಸಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಗುಡ್ಡದ ಮೇಲೆ ಕಂಬಗಳ ಸಾಲು ಬರಬೇಕು, ಅದಕ್ಕೊಂದು ರಸ್ತೆ ಬೇಕು. ಅದಕ್ಕಾಗಿ ಕರೇಕಲ್ಲಹಳ್ಳಿಯಲ್ಲಿ ಗ್ರಾಮಸಭೆ ಕರೆದರು. ಅವರೆಕಾಯಿ ಕಾಲ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಕಂಪನಿಯ ಕಡೆಯಿಂದ ಕೇಸರಿಬಾತು, ಉಪ್ಪಿಟ್ಟು. ಯುರೋಪಿನ ಆ ಮನುಷ್ಯ ಮಾತಾಡಿದ, ನಾನು ಕನ್ನಡಕ್ಕೆ ಇಳಿಸಿದೆ. ಫ್ಯಾನು ತಿರುಗಿದರೆ ಮೋಡ ಚದುರಿ ಮಳೆ ಹೋಗುತ್ತದಂತೆ ಹೌದೋ ಎಂದು ಒಬ್ಬರು ಕೇಳಿದರು. ಅವನು ಪಾಪ, ಕೈಯಾಡಿಸಿಕೊಂಡು ಮೋಡ ಎಷ್ಟು ಎತ್ತರ, ಫ್ಯಾನು ಎಷ್ಟು ಎತ್ತರ, ಗಾಳಿಯ ಒತ್ತಡ ಏನು ಎಂದು ಹತ್ತು ನಿಮಿಷ ವಿವರಿಸಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು "ಇಲ್ಲವಂತೆ" ಎಂದೆ. ಸಭೆಗೆ ಸಭೆಯೇ ನಕ್ಕಿತು. ಸಾಹೇಬರೂ ನಕ್ಕರು. ಆ ನಗುವಿನ ಅಮಲು ನನಗೆ ಸ್ವಲ್ಪ ಏರಿತೆಂದು ಈಗ ಅನ್ನಿಸುತ್ತದೆ.

ಸಭೆ ಮುಗಿಯುವ ಹೊತ್ತಿಗೆ ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಹೆಸರು ಕಾಟಮ್ಮ, ಕುರಿಯವರ ಮನೆಯವಳು. ಸಾಹೇಬರ ಕಡೆ ನೋಡದೆ ನೇರ ನನ್ನನ್ನೇ ನೋಡಿ ಹೇಳಿದಳು.

"ಇಂಗ್ಲಿಷಮ್ಮ, ನಂದೊಂದು ಮಾತು. ಆ ಗುಡ್ಡದ ದಾರಿ ಕುರಿಯೋರ್ದು. ಮಳೆ ಬಿತ್ತಂದ್ರೆ ಹೊಲ ಎಲ್ಲ ಬಿತ್ತಿಬಿಡ್ತಾರೆ, ಕುರಿ ಗುಡ್ಡಕ್ಕೇ ಹೋಗ್ಬೇಕು. ಮ್ಯಾಲೆ ಬಂಡೆಯಾಗೆ ದೊಣೆ ಐತೆ, ಅದೇ ಅವುಕ್ಕೆ ನೀರು. ನಮ್ ಹುಡುಗ್ರು ದೀಪಾವಳಿ ಕಳುದ್ ಮ್ಯಾಲೆ ಕಾಲ್ವೆ ಸೀಮೆಗೆ ಮಂದೆ ಹೊಡ್ಕಂಡ್ ಹೋಗ್ಯಾರೆ. ಗದ್ದೆಯಾಗೆ ಗೊಬ್ರಕ್ಕೆ ಕುರಿ ತರುಬಿ, ಮಳೆಗೆ ಬರ್ತಾರೆ. ಅವ್ರು ಬರಾಗಂಟ ಇದುನ್ನ ಮುಗಿಸ್ಬ್ಯಾಡ್ರಿ. ಬರ್ಕಂಡ್ಯೇನವ್ವ?"

"ಬರ್ಕೊಂಡೆ ಅಜ್ಜಿ" ಎಂದೆ. ಸುಳ್ಳಲ್ಲ. ಬರೆದುಕೊಂಡಿದ್ದೆ. ಶಾರ್ಟ್‌ಹ್ಯಾಂಡಿನಲ್ಲಿ ಬರೆಯುವುದು ಸದ್ದನ್ನು. ಅದಕ್ಕೇ ನಾನು ಕನ್ನಡದ ಮಾತನ್ನೂ ಅದರಲ್ಲೇ ಹಿಡಿಯುತ್ತಿದ್ದೆ. ಕಾಟಮ್ಮನ ಮಾತು ಆಡಿದ ಹಾಗೇ ನನ್ನ ಪುಸ್ತಕದಲ್ಲಿ ಕೂತಿತು.

ಮರುದಿನ ಟೈಪು ಮಾಡಲು ಕೂತೆ. ಸಾಹೇಬರಿಗೆ ಒಂದೇ ಪುಟ ಬೇಕು, ನಿಂತು ಓದುವವರಿಗೆ ಎರಡನೇ ಪುಟ ಭಾರ. ಮೋಡದ ಪ್ರಶ್ನೆಗೆ ಒಂದು ಸಾಲು. ಕೆಲಸ ಕೊಡುವ ವಿಚಾರಕ್ಕೆ ಎರಡು ಸಾಲು. ಕಾಟಮ್ಮನ ಮಾತಿಗೆ ಬಂದಾಗ ಸಿಸ್ಟರ್ ಆಗ್ನೆಸ್ ಕಲಿಸಿದ ಹಾಗೆ ಯೋಚಿಸಿದೆ. ಇದು ಆಕ್ಷೇಪಣೆಯೋ? ಅಲ್ಲ, ಬೇಡ ಅಂದಿಲ್ಲ. ಮಾತಾಡಬೇಕಾದವರು ಹಾಜರಿದ್ದರೋ? ಇಲ್ಲ. ಹಾಗಾದರೆ ವೇಸ್ಟ್. ಬಿಟ್ಟೆ. ಕೊನೆಯ ಸಾಲನ್ನು ಬಹಳ ಚೆನ್ನಾಗಿ ಬರೆದೆ: ಗ್ರಾಮಸ್ಥರು ಯೋಜನೆಯನ್ನು ಸ್ವಾಗತಿಸಿದರು, ಯಾವುದೇ ಆಕ್ಷೇಪಣೆ ಬರಲಿಲ್ಲ. ಸಾಹೇಬರು ಸಹಿ ಹಾಕಿ, ಎರಡು ಗಂಟೆಯ ಗದ್ದಲವನ್ನು ಒಂದು ಪುಟಕ್ಕೆ ಇಳಿಸುವುದು ನಿಮ್ಮಿಂದ ಮಾತ್ರ ಸಾಧ್ಯ ಎಂದರು. ಇದರ ಮೇಲೆ ಇನ್ನೊಂದು ತಮಾಷೆ. ಪಂಚಾಯಿತಿ ಕಾರ್ಯದರ್ಶಿ ನನ್ನ ಇಂಗ್ಲಿಷ್ ಪ್ರತಿಯನ್ನು ತರಿಸಿಕೊಂಡು, ಅದನ್ನೇ ಕನ್ನಡ ಮಾಡಿ ನಡಾವಳಿ ಪುಸ್ತಕಕ್ಕೆ ಬರೆದುಕೊಂಡರು. ಕನ್ನಡದಲ್ಲಿ ನಡೆದ ಸಭೆ ಇಂಗ್ಲಿಷಿಗೆ ಹೋಗಿ ತೆಳ್ಳಗಾಗಿ ವಾಪಸು ಬಂತು. ಯುರೋಪಿನವರಿಗೆ ಬೇಕಾದ ಕಾಗದವೇ ನಮಗೆ ಅಸಲು, ಊರಿನ ಮಾತು ಅದರ ನಕಲು ಎಂಬಂತಾಯಿತು. ಅಂದು ಯಾರಿಗೂ ಅದು ತಲೆಕೆಳಗು ಅನ್ನಿಸಲಿಲ್ಲ, ನನಗೂ.

ಬೇಸಿಗೆಯಲ್ಲಿ ರಸ್ತೆಯಾಯಿತು. ಗುಡ್ಡದ ಬುಡದಲ್ಲಿ ಕಬ್ಬಿಣದ ಗೇಟು, ಬೀಗ, ನೀಲಿ ಅಂಗಿಯ ಕಾವಲುಗಾರ. ಮುಂಗಾರಿನ ಮೊದಲ ಹನಿ ಬಿದ್ದಾಗ ಕುರಿಯವರು ವಾಪಸು ಬಂದರು. ಗೇಟಿನ ಮುಂದೆ ಮಂದೆ ನಿಂತಿತು.

ಕೆಲವು ದಿನದ ಮೇಲೆ ಕಾಟಮ್ಮನ ಮಗ ಈರಣ್ಣ ದುರ್ಗಕ್ಕೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಡಿಸಿ ಮಡಿಸಿ ಮೆತ್ತಗಾದ ಒಂದು ಜೆರಾಕ್ಸ್ ಹಾಳೆ. ಮೊದಲು ನಮ್ಮ ಕಚೇರಿಗೇ ಅರ್ಜಿ ಕೊಟ್ಟಿದ್ದನಂತೆ, ನಡಾವಳಿಯಲ್ಲಿ ಆಕ್ಷೇಪಣೆ ಇಲ್ಲವೆಂದು ಹಿಂದಕ್ಕೆ ಬಂದಿತ್ತು. ಪ್ರಕಾಶರ ಹತ್ತಿರ ಹೋದರೆ ಅವರು ಈ ಹಾಳೆ ಕೊಟ್ಟು, ಊರೇ ಒಪ್ಪಿದೆಯಲ್ಲ ಎಂದಿದ್ದರು. ಇಂಗ್ಲಿಷ್ ಓದಲು ಬರದೆ ಇಂಗ್ಲಿಷಮ್ಮನ ಹತ್ತಿರ ಬಂದಿದ್ದ. ಅದನ್ನು ಟೈಪು ಮಾಡಿದವಳು ನಾನೆಂದು ಅವನಿಗೆ ಗೊತ್ತಿರಲಿಲ್ಲ.

ಓದಿ ಹೇಳಿದೆ. ಕೊನೆಯ ಸಾಲನ್ನೂ ಓದಿದೆ.

ಈರಣ್ಣ ಹಾಳೆಯನ್ನು ವಾಪಸು ತೆಗೆದುಕೊಂಡ. "ನಮ್ಮವ್ವ ಎದ್ದು ನಿಂತು ಹೇಳಿದ್ಲಂತಲ್ರೀ, ಅದು ಇದ್ರಾಗೆ ಎಲ್ಲೈತೆ?"

ಇದರಲ್ಲಿಲ್ಲ ಎಂದೆ. ಅವನು ಬೈಯಲೂ ಇಲ್ಲ, ಅಳಲೂ ಇಲ್ಲ. ಮಂದೆಯನ್ನು ಈಗ ಹೈವೇ ಬದಿಯಲ್ಲಿ ಸುತ್ತಿಸಿಕೊಂಡು ಹೋಗಬೇಕು, ಲಾರಿಗಳ ನಡುವೆ ಎಷ್ಟು ದಿನ ಆಗುತ್ತದೆ, ದೊಣೆ ಸಿಗದಿದ್ದರೆ ಶ್ರಾವಣದೊಳಗೆ ಕುರಿ ಮಾರಬೇಕು ಎಂದು ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. ಹೊರಡುವಾಗ ಹಾಳೆಯನ್ನು ಅದೇ ಮಡಿಕೆಗೆ ಮಡಿಸಿಕೊಂಡ. "ನಮ್ಮವ್ವ ಇನ್ನೂ ಜಂಬ ಕೊಚ್ಕಂತಾಳೆ ಮೇಡಂ. ದುರ್ಗದ ಇಂಗ್ಲಿಷಮ್ಮ ನನ್ ಮಾತು ಬರ್ಕಂಡವ್ಳೆ ಅಂತ."

ಸ್ಟೀಲ್ ಬೀರುವಿನಿಂದ ಹಳೆಯ ಪುಸ್ತಕ ತೆಗೆದೆ. ಕಾಟಮ್ಮನ ಮಾತು ಪೂರ್ತಿ ಇತ್ತು, ಕೊನೆಯ "ಬರ್ಕಂಡ್ಯೇನವ್ವ" ಸಮೇತ. ಪುಸ್ತಕ ಹಿಡಿದು ಸಾಹೇಬರ ಕೋಣೆಗೆ ಹೋದೆ, ನಡೆದದ್ದನ್ನೆಲ್ಲ ಹೇಳಿದೆ. ಅವರು ಪುಟ ತಿರುವಿ ಆ ಗೀಟುಗಳನ್ನು ನೋಡಿದರು.

"ಇದನ್ನ ಓದೋಕೆ ಈ ಕಚೇರೀಲಿ ನಿಮ್ಮ ಹೊರತು ಯಾರಿಗೆ ಬರುತ್ತೆ?"

"ಯಾರಿಗೂ ಬರಲ್ಲ ಸರ್."

ಕಿಟಕಿಯ ತನಕ ಹೋಗಿ ಬಂದರು. "ಹಾಗಾದ್ರೆ ಇದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ ಮೇಡಂ. ಹೇಳೋದಾದ್ರೆ ನೀವೇ ಹೇಳಬೇಕು." ಪುಸ್ತಕ ನನ್ನ ಕೈಗೆ ವಾಪಸು ಕೊಟ್ಟರು. ಇದು ಬಾಯಿ ಮುಚ್ಚಿಕೊಳ್ಳಿ ಎಂದೋ, ಬಾಯಿ ಬಿಡಿ ಎಂದೋ, ಇಂದಿಗೂ ನನಗೆ ತಿಳಿಯದು. ಇಂಥ ಮಾತನ್ನು ಕಲಿತವರೇ ಮೇಲಧಿಕಾರಿಗಳಾಗುತ್ತಾರೆ.

ಅದೇ ವಾರ ಕಂಪನಿಗೆ ಸಾಲ ಕೊಡುವ ವಿದೇಶಿ ಬ್ಯಾಂಕಿನ ಕಡೆಯಿಂದ ಒಬ್ಬ ಹೆಂಗಸು ತಪಾಸಣೆಗೆ ಬಂದರು. ಹೆಸರು ಇಂಗಾ. ನನ್ನ ವಯಸ್ಸೇ. ನೆತ್ತಿ ಕೆಂಪಾಗುವಷ್ಟು ಬಿಸಿಲಲ್ಲಿ ಗುಡ್ಡ ಹತ್ತಿ ಇಳಿದು, ಬಬ್ಬೂರಿನ ಕೃಷಿ ಫಾರಮ್ಮಿನ ಕಡೆಯಿಂದ ಯಾರೋ ತಂದಿದ್ದ ದಾಳಿಂಬೆಯನ್ನು ಬೀಜ ಎಣಿಸುತ್ತಾ ತಿಂದರು. ದಪ್ಪ ಫೋಲ್ಡರಿನಲ್ಲಿ ಅವರ ಬ್ಯಾಂಕಿನ ನಿಯಮಗಳಿದ್ದವು. ಜನರನ್ನು ಕೇಳಿದ್ದೀರಾ, ಅವರ ಭಾಷೆಯಲ್ಲಿ ಕೇಳಿದ್ದೀರಾ, ಅವರಿಗೆ ಬರಲು ಆಗುವ ಕಾಲದಲ್ಲಿ ಕೇಳಿದ್ದೀರಾ ಎಂದು ಒಂದೊಂದಕ್ಕೆ ಟಿಕ್ ಹಾಕುವುದು. ಸಾಹೇಬರ ಕೋಣೆಯಲ್ಲಿ ಪ್ರಕಾಶ್, ಅಧ್ಯಕ್ಷೆ ರತ್ನಮ್ಮ, ನಾನು. ಇಂಗಾ ನನ್ನ ಒಂದು ಪುಟದ ಮಿನಿಟ್ಸನ್ನು ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿ, ನಿಮ್ಮ ದೇಶದಲ್ಲಿ ನಾನು ನೋಡಿದ ಅತ್ಯುತ್ತಮ ಮಿನಿಟ್ಸ್ ಇದು, ಎಷ್ಟು ಅಚ್ಚುಕಟ್ಟು ಎಂದರು. ಪೆನ್ನು ಟಿಕ್ ಹಾಕುವ ಚೌಕದ ಮೇಲೆ ಬಂತು.

ಈ ಹೊಗಳಿಕೆ ಬರದೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಮನಸ್ಸಿನಲ್ಲಿ ಸಿಸ್ಟರ್ ಆಗ್ನೆಸ್ ಚಪ್ಪಾಳೆ ತಟ್ಟಿದ ಹಾಗೆ ಕೇಳಿಸಿತು, ಅದರ ಹಿಂದೆಯೇ ಈರಣ್ಣ ಹಾಳೆ ಮಡಿಸಿದ ಸದ್ದು. "ಮೇಡಂ, ಇಟ್ ಈಸ್ ನಾಟ್ ಕಂಪ್ಲೀಟ್" ಎಂದೆ. ಪುಸ್ತಕ ಬಿಚ್ಚಿ ಕಾಟಮ್ಮನ ಮಾತನ್ನು ಮೊದಲು ಅವಳ ಕನ್ನಡದಲ್ಲೇ ಓದಿದೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಈ ಸಲ ಇಳಿಸಲಿಲ್ಲ. ಬಿಟ್ಟವಳು ನಾನೇ ಎಂದೂ ಹೇಳಿದೆ.

ಮೊದಲು ಮಾತಾಡಿದ್ದು ರತ್ನಮ್ಮ. "ಅಲ್ರೀ ಮೇಡಂ, ನಾನೂ ಅಲ್ಲೇ ಕುಂತಿದ್ನಲ್ಲ. ನಡಾವಳಿಗೆ ನಾನೂ ರುಜು ಹಾಕಿದೀನಿ. ಓದ್ಲಿಲ್ಲ ಅಷ್ಟೇ. ನಂದೂ ಬರ್ಕಳ್ರಿ ತಪ್ಪು."

ಇಂಗಾ ಟಿಕ್ ಹಾಕಲಿಲ್ಲ. ಫೋಲ್ಡರ್ ಮುಚ್ಚಿ, ಕುರಿಯವರು ಇರುವಾಗ ಮತ್ತೆ ಸಭೆ ಆಗಲಿ, ಅಲ್ಲಿಯ ತನಕ ಸಾಲದ ಮುಂದಿನ ಕಂತು ಇಲ್ಲ ಎಂದರು. ಪ್ರಕಾಶರ ಬೆವರು ನೋಡಬೇಕಿತ್ತು. ಮರುದಿನದಿಂದ ಬೇಗ ಗ್ರಾಮಸಭೆ ಮಾಡಿ ಎಂದು ಕಂಪನಿಯೇ ನಮ್ಮ ಹಿಂದೆ ಬಿತ್ತು. ಅಂಥ ದಿನವೂ ಬರುತ್ತದೆಂದು ನಾವ್ಯಾರೂ ಅಂದುಕೊಂಡಿರಲಿಲ್ಲ.

ಸಾಹೇಬರು ಮಧ್ಯಾಹ್ನ ಬೀರುವಿನಿಂದ ನಮ್ಮ ಪಂಚಾಯಿತಿ ಕಾಯ್ದೆಯ ಪುಸ್ತಕ ತರಿಸಿದರು, ಹಳ್ಳಿಯ ನಕ್ಷೆಯನ್ನೂ ತರಿಸಿದರು. ಧೂಳು ಝಾಡಿಸಿದೆವು. ನಕ್ಷೆಯಲ್ಲಿ ಗುಡ್ಡದ ಬುಡದಿಂದ ದೊಣೆಯ ತನಕ ಚುಕ್ಕೆ ಚುಕ್ಕೆಯ ಕಾಲುದಾರಿ ನಮ್ಮ ತಾತಂದಿರ ಕಾಲದಿಂದ ಇತ್ತು. ಜನರನ್ನು ಕೇಳಬೇಕು, ಓದಿ ಹೇಳಬೇಕು ಎಂಬುದು ನಮ್ಮ ಕಾಯ್ದೆಯಲ್ಲೂ ಇತ್ತು. "ನಮ್ಮ ಪುಸ್ತಕದಲ್ಲೇ ಇದೆಯಲ್ಲ ಮೇಡಂ ಎಲ್ಲಾ" ಎಂದು ಸಾಹೇಬರು ಆಶ್ಚರ್ಯಪಟ್ಟರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಈರಣ್ಣ ಅರ್ಜಿ ಕೊಟ್ಟಿದ್ದು ಈ ಬೀರು ಇರುವ ಕಚೇರಿಗೆ. ಅದರ ಬಾಗಿಲು ತೆರೆಯಲು ಸಮುದ್ರದಾಚೆಯ ಬ್ಯಾಂಕಿನ ಹೆಂಗಸು ಬರಬೇಕಾಯಿತು. ವಿದೇಶಿ ಬಂಡವಾಳ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಪರೀಕ್ಷೆಗೆ ಪ್ರಬಂಧ ಬರೆದಿರುತ್ತೀರಿ. ನನಗೆ ಅಷ್ಟು ದೊಡ್ಡ ಉತ್ತರ ಗೊತ್ತಿಲ್ಲ. ಒಂದೇ ಕಂಪನಿ ನಾವು ಸಭೆಯನ್ನು ಬೇಗ ಮುಗಿಸುವ ಹಾಗೆ ಮಾಡಿತು, ಅದೇ ಕಂಪನಿ ಸಭೆಯನ್ನು ಸರಿಯಾಗಿ ಮಾಡಿಸಿತು. ನಡುವೆ ನಾವು ಏನು ಮಾಡುತ್ತಿದ್ದೆವು ಎಂಬುದನ್ನು ಮಾತ್ರ ಕೇಳಿಕೊಂಡರೆ ಸಾಕು.

ನನಗೆ ಮೆಮೊ ಕೊಡಲೇಬೇಕಾಗಿತ್ತು, ಕೊಟ್ಟರು. ವಿದೇಶದವರಿಗೂ ಒಂದು ಪ್ರತಿ ಹೋಗಬೇಕಾದ್ದರಿಂದ ಅದು ಇಂಗ್ಲಿಷಿನಲ್ಲಿ ಇರಬೇಕಿತ್ತು. ಇಂಗ್ಲಿಷಿನಲ್ಲಿ ಟೈಪು ಮಾಡುವವಳು ನಾನೇ. ಸಾಹೇಬರು ನಿಂತು ಡಿಕ್ಟೇಟ್ ಮಾಡಿದರು, ನಾನು ಕೂತು ನನ್ನ ಮೆಮೊ ಬರೆದುಕೊಂಡೆ. ಅವರು 'ಸಣ್ಣ ಲೋಪ' ಎಂಬರ್ಥದ ಪದ ಹಾಕಿದರು. ಸರ್, ಸಣ್ಣದಲ್ಲ ಎಂದೆ. ತೆಗೆದರು. ಎರಡು ಕಡೆ ವಾಕ್ಯ ತಿದ್ದಿದೆ. ಸ್ವೀಕೃತಿಗೆ ಸಹಿ ಹಾಕಿ ನನಗೆ ನಾನೇ ಕೊಟ್ಟುಕೊಂಡು, ಉತ್ತರವನ್ನೂ ಟೈಪು ಮಾಡಿ ಒಳಗೆ ಕಳಿಸಿದೆ. ಇಷ್ಟು ಶುದ್ಧವಾದ ಮೆಮೊ ನಮ್ಮ ಕಚೇರಿಯಲ್ಲಿ ಯಾರಿಗೂ ಬಂದಿರಲಿಲ್ಲ ಎಂದು ಸೂಪರಿಂಟೆಂಡೆಂಟರು ಹೊಗಳಿದರು.

ಎರಡನೇ ಸಭೆ ಗೇಟಿನ ಮುಂದೆಯೇ ನಡೆಯಿತು. ಮಂದೆಯನ್ನು ಬಿಟ್ಟು ಬರಲಾಗದು ಎಂದು ಕುರಿಯವರು ಮಂದೆಯ ಸಮೇತ ಬಂದಿದ್ದರು. ಈ ಸಲ ಕೇಸರಿಬಾತು ಪಂಚಾಯಿತಿಯದು, ಅದಕ್ಕೆ ರತ್ನಮ್ಮ ಹಟ ಹಿಡಿದಿದ್ದಳು. ಕುರಿ ಬ್ಯಾ ಎನ್ನುತ್ತಿರಲು ಸಾಹೇಬರು ನಕ್ಷೆ ಬಿಚ್ಚಿ ಚುಕ್ಕೆ ದಾರಿ ತೋರಿಸಿದರು. ತೀರ್ಮಾನ ಅರ್ಧ ಗಂಟೆಯಲ್ಲಿ ಆಯಿತು. ಗೇಟು ಕಳಚಿ ಮೇಲಿನ ಯಂತ್ರದ ಕಟ್ಟೆಯ ಸುತ್ತ ಮಾತ್ರ ಹಾಕಬೇಕು, ಕಾಲುದಾರಿಗೂ ದೊಣೆಗೂ ತಡೆ ಇಲ್ಲ. ಫ್ಯಾನಿನ ಉದ್ದ ರೆಕ್ಕೆ ಸಾಗಿಸುವ ದಿನ ಕಂಪನಿ ಎರಡು ದಿನ ಮುಂಚೆ ಹೇಳಬೇಕು. ರೆಕ್ಕೆ ದೊಡ್ಡದೋ ಮಂದೆ ದೊಡ್ಡದೋ ಎಂದು ಈರಣ್ಣನಿಗೂ ಪ್ರಕಾಶರಿಗೂ ಸ್ವಲ್ಪ ಚೌಕಾಶಿ ನಡೆದು, ಆ ದಿನ ಮಂದೆ ಮಧ್ಯಾಹ್ನದ ಮೇಲೆ ಹತ್ತುವುದು ಎಂದಾಯಿತು.

ನಡಾವಳಿಯನ್ನು ನಾನು ಮೊದಲು ಕನ್ನಡದಲ್ಲಿ ಬರೆದೆ, ಅಲ್ಲೇ, ಎಲ್ಲರ ಮುಂದೆ, ಕಾಟಮ್ಮ ಹೋದ ಸಲ ಆಡಿದ ಮಾತನ್ನೂ ಸೇರಿಸಿ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಕಾಟಮ್ಮ ಎದ್ದು ಬಂದಳು. ನನ್ನ ಮೆಮೊ ವಿಚಾರ ಊರಿಗೆಲ್ಲ ಗೊತ್ತಾಗಿತ್ತು.

"ಓದಿದ್ದು ಕೇಳುಸ್ತು. ನನ್ ಮಾತು ಎಲ್ಲೈತೆ, ಬೆಟ್ಟು ಇಟ್ಟು ತೋರ್ಸು."

ತೋರಿಸಿದೆ. ಅವಳಿಗೆ ಓದಲು ಬಾರದು. ನನ್ನ ಬೆರಳು ಇದ್ದ ಕಡೆ ತನ್ನ ಬೆರಳಿಟ್ಟು ಸಾಲಿನ ಕೊನೆಯ ತನಕ ಎಳೆದಳು.

"ಇಷ್ಟುದ್ದ ಮಾತಾಡಿದ್ನಾ ನಾನು?"

"ಇಷ್ಟೇ ಉದ್ದ ಅಜ್ಜಿ."

"ಹೋದ್ ಸಲ ಎಷ್ಟುದ್ದ ಬರ್ದಿದ್ದೆ?"

ಸುತ್ತ ಇದ್ದವರು ನಕ್ಕರು. ನಾನು ತಲೆ ತಗ್ಗಿಸಿದೆ. ಕಾಟಮ್ಮ ನನ್ನ ಗಲ್ಲ ಹಿಡಿದು ಎತ್ತಿ, "ಇರ್ಲಿ ಬಿಡವ್ವ, ಬರ್ಕಂಡಿದ್ದಕ್ಕೆ ತಾನೇ ಸಿಕ್ತು" ಎಂದಳು.

ಅಂದಿನಿಂದ ನಿವೃತ್ತಿಯ ತನಕ ನಾನು ಎರಡು ಪದ್ಧತಿ ಬಿಡಲಿಲ್ಲ. ಮಿನಿಟ್ಸನ್ನು ಸಭೆ ಏಳುವ ಮುಂಚೆ ಓದುವುದು. ಕೊನೆಯಲ್ಲಿ 'ಹಾಜರಿಲ್ಲದವರು ಯಾರು, ಏಕೆ' ಎಂದು ಒಂದು ಸಾಲು ಸೇರಿಸುವುದು. ಅದು ಯಾವ ಫಾರ್ಮ್ಯಾಟಿನಲ್ಲೂ ಇರಲಿಲ್ಲ. ಮುಂದೆ ಬಂದ ಸಾಹೇಬರೊಬ್ಬರು ಇದೇನು ಶಾಲೆಯ ಹಾಜರಿಯೇ ಎಂದು ಕೇಳಿದರು. ಹೌದು ಸರ್ ಎಂದೆ. ಕರೇಕಲ್ಲಹಳ್ಳಿಯಲ್ಲಿ ರತ್ನಮ್ಮ ಗ್ರಾಮಸಭೆಯ ದಿನ ಗೊತ್ತು ಮಾಡುವ ಮುಂಚೆ ಕಾಲುವೆ ಸೀಮೆಗೆ ಫೋನು ಮಾಡಿ, ಸ್ಪೀಕರ್ ಹಾಕಿ, "ಲೇ ಈರಣ್ಣ, ಮಂದೆ ಎಲ್ಲೈತೆ, ಯಾವಾಗ ಬರ್ತೀರಿ ಹೇಳು, ಆಮ್ಯಾಲೆ ಸಭೆ ಮಾಡಾಣ" ಎಂದು ಕೇಳುವುದನ್ನು ರೂಢಿ ಮಾಡಿದಳು. ಜನ ನಿಧಾನಕ್ಕೆ ಪಂಚಾಯಿತಿಗೆ ವಾಪಸು ಬಂದರು. ಬೀದಿದೀಪಕ್ಕೆ ಈಗಲೂ ತಡವಾಗುತ್ತದೆ. ಆದರೆ ಬೈಯಲು ಒಂದು ವಿಳಾಸವಿದೆ.

ಜವನಗೊಂಡನಹಳ್ಳಿಯ ಯಜಮಾನರ ಫೈಲನ್ನೂ ಹೇಳದೆ ಬಿಟ್ಟರೆ ಮತ್ತೆ ಪ್ರೆಸಿ ಆಗುತ್ತದೆ. ಮೆಮೊ ಬಂದ ವಾರ ನನಗೆ ಯಾವ ಹೆದರಿಕೆಯೂ ಉಳಿದಿರಲಿಲ್ಲ. ಕೆಂಪು ಟ್ಯಾಗೊಂದನ್ನು ತೆಗೆದು ಅವರ ಫೈಲಿಗೆ ಕಟ್ಟಿ ಒಳಗಿಟ್ಟೆ. ಸಾಹೇಬರು ನೋಡಿದರು, ನನ್ನನ್ನೂ ನೋಡಿದರು, ಗಾಜಿನ ಕೆಳಗಿನ ಬಾಣಗಳನ್ನೂ ನೋಡಿದರು. ಸಹಿ ಹಾಕಿದರು.

ಹೋದ ತಿಂಗಳು ಯಾಕೋ ಆ ಕಡೆ ಹೋಗಬೇಕೆನ್ನಿಸಿತು. ಹೆಂಗಸರಿಗೆ ಬಸ್ಸು ಈಗ ಪುಕ್ಕಟೆ, ಕಾರಣ ಬೇಕಿಲ್ಲ. ಗುಡ್ಡದ ಸಾಲಿನ ಮೇಲೆ ಬಿಳಿಯ ಕಂಬಗಳು ಹಾಯಾಗಿ ತಿರುಗುತ್ತಿದ್ದವು. ಯುರೋಪಿನವರು ಅವನ್ನು ಬೇರೆ ಯಾರಿಗೋ ಮಾರಿ ಹೋದರಂತೆ. ಕಾಲುದಾರಿ ಇದ್ದ ಹಾಗೇ ಇದೆ. ಬಿಸಿಲಿಗೆ ಕುರಿಗಳು ಒಂದು ಕಂಬದ ನೆರಳಿನಲ್ಲಿ ಒಂದರ ಹಿಂದೆ ಒಂದು ಉದ್ದಕ್ಕೆ ಸಾಲಾಗಿ ನಿಂತಿದ್ದವು. ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತು. ಬೇವಿನ ಮರದ ಕೆಳಗೆ ಕಾಟಮ್ಮ ಕೂತಿದ್ದಳು. ಕಣ್ಣು ಮಂಜಾಗಿದೆ. ನನ್ನ ದನಿಯಿಂದಲೇ ಗುರುತು ಹಿಡಿದಳು.

ಅದೂ ಇದೂ ಮಾತಾಯಿತು. ಏಳುವ ಹೊತ್ತಿಗೆ ಕೈ ಹಿಡಿದು ಕೂರಿಸಿದಳು. "ಫ್ಯಾನು ಕಟ್ಟಿದ್ದು ಒಳ್ಳೇದೇ ಆತು ಕಣವ್ವ, ಕುರಿಗೆ ನೆಳ್ಳಾತು. ಆದ್ರೆ ಕಂಬ ಸಣ್ಣ. ಹಿಂದ್ಲ ಕುರಿಗೆ ನೆಳ್ಳು ಸಾಲಲ್ಲ, ಪಾಪ. ಇನ್ನೊಂದ್ ಸಲ ಯಾರಾನ ಬಂದು ಕಟ್ಟೋದಾದ್ರೆ ಒಂದೀಟು ದಪ್ಪಕೆ ಕಟ್ಟಾಕೇಳು. ಬರ್ಕಂಡ್ಯಾ?"

ನಿವೃತ್ತಳ ಹತ್ತಿರ ಪುಸ್ತಕವೆಲ್ಲಿ. ಚೀಲದಲ್ಲಿ ಬಸ್ಸಿನ ಸೊನ್ನೆ ರೂಪಾಯಿಯ ಟಿಕೆಟ್ಟಿತ್ತು, ಪೆನ್ನಿತ್ತು. ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಯಾರಿಗೆ ತಲುಪಿಸಬೇಕೋ ಗೊತ್ತಿಲ್ಲ. ಮೇಲೆ ಬರೆದಿರುವುದು ಅವಳ ಪೂರ್ತಿ ಮಾತು. ಒಂದು ಪದವನ್ನೂ ಬಿಟ್ಟಿಲ್ಲ.